ದಾರಿಯಲ್ಲಿ ನಿಂತವರು

ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಬೇಕೆಂದು ಓದುವವರಿಗಾಗಿಯೇ ಇರುವ ಹಳೆಯದೊಂದು ಸೆಮಿನರಿ ಇದೆ. 1970ರ ದಶಕದ ಆರಂಭದಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಲ್ಲಿನ ನಲವತ್ತು ವಿದ್ಯಾರ್ಥಿಗಳನ್ನು ಅವರಿಗೇ ತಿಳಿಯದಂತೆ ಒಂದು ಪರೀಕ್ಷೆಗೆ ಒಡ್ಡಿದರು. ಒಬ್ಬೊಬ್ಬರನ್ನೇ ಕರೆದು, ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಚಿಕ್ಕ ಭಾಷಣ ಮಾಡಿ ಬನ್ನಿ ಎಂದರು. ಅರ್ಧದಷ್ಟು ಮಂದಿಗೆ ಕೊಟ್ಟ ವಿಷಯ ಬೈಬಲ್ಲಿನ ‘ಒಳ್ಳೆಯ ಸಮಾರ್ಯದವನ’ ಕಥೆ. ಕೆಲವರಿಗೆ ‘ನಿಧಾನವಾಗಿ ಹೋಗಿ, ಸಮಯವಿದೆ’ ಎಂದರು. ಇನ್ನು ಕೆಲವರಿಗೆ ‘ಆಗಲೇ ತಡವಾಗಿದೆ, ಬೇಗ ಬೇಗ ಹೋಗಿ’ ಎಂದರು.

ದಾರಿಯ ಓಣಿಯಲ್ಲಿ ಒಬ್ಬ ಮನುಷ್ಯ ಕುಸಿದು ಕುಳಿತಿದ್ದ. ತಲೆ ಬಾಗಿತ್ತು, ಕಣ್ಣು ಮುಚ್ಚಿತ್ತು. ವಿದ್ಯಾರ್ಥಿ ಹತ್ತಿರ ಬರುತ್ತಿದ್ದಂತೆ ಅವನು ಕೆಮ್ಮಿ ನರಳುತ್ತಿದ್ದ. ಅವನನ್ನು ಅಲ್ಲಿ ಕೂರಿಸಿದ್ದವರು ಸಂಶೋಧಕರೇ.

ಸಮಯವಿದ್ದವರಲ್ಲಿ ನೂರಕ್ಕೆ 63ರಷ್ಟು ಮಂದಿ ನಿಂತು ವಿಚಾರಿಸಿದರು. ಅವಸರದಲ್ಲಿದ್ದವರಲ್ಲಿ ನಿಂತವರು ನೂರಕ್ಕೆ ಹತ್ತೇ ಮಂದಿ. ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ಎತ್ತಿದ ಕಥೆಯನ್ನು ಹೇಳಲು ಹೊರಟಿದ್ದವರಲ್ಲೇ ಕೆಲವರು ನರಳುತ್ತಿದ್ದವನನ್ನು ದಾಟಿಕೊಂಡು ಮುಂದೆ ಹೋದರು. ಯಾವ ವಿಷಯದ ಮೇಲೆ ಮಾತಾಡಲಿದ್ದರು ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ. ವ್ಯತ್ಯಾಸ ಮಾಡಿದ್ದು ಅವಸರ.

1973ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಧರ್ಮದ ಪೊಳ್ಳುತನಕ್ಕೆ ಸಾಕ್ಷಿಯೆಂದು ಓದಿದವರಿದ್ದಾರೆ. ಹಾಗೆ ಓದಿದರೆ ಅದರ ತಿರುಳು ಕೈಜಾರುತ್ತದೆ. ಆ ಹುಡುಗರು ಕಲ್ಲೆದೆಯವರಾಗಿರಲಿಲ್ಲ. ಭಾಷಣದ ಕೋಣೆಗೆ ಬಂದಾಗ ಹಲವರು ತಳಮಳಗೊಂಡಂತೆ ಕಂಡರು ಎಂದು ಸಂಶೋಧಕರೇ ಬರೆದಿದ್ದಾರೆ. ಕನಿಕರ ಅವರಲ್ಲಿ ಇತ್ತು, ನಿಲ್ಲಲು ಪುರುಸೊತ್ತು ಇರಲಿಲ್ಲ. ಇಂದು ಬೆಳಗ್ಗೆ ಎದ್ದು ಮೊಬೈಲ್ ತೆರೆಯುವ ಪ್ರತಿಯೊಬ್ಬರದೂ ಹೆಚ್ಚುಕಡಿಮೆ ಅದೇ ಸ್ಥಿತಿ. ಒಂದು ಬಾಂಬು, ಒಂದು ಗುಂಪುಹತ್ಯೆ, ಕಟ್ಟಡದ ಅವಶೇಷದಡಿ ಸಿಕ್ಕ ಮಗು, ಅದರ ಕೆಳಗೆ ಕ್ರಿಕೆಟ್ ಸ್ಕೋರು, ಮತ್ತೆ ಇನ್ನೊಂದು ಕೊಲೆ. ಹೆಬ್ಬೆರಳು ಸರಿಯುತ್ತಲೇ ಇರುತ್ತದೆ. ಮನಸ್ಸು ಒಂದರ ಮುಂದೆಯೂ ನಿಲ್ಲುವುದಿಲ್ಲ.

ಹಾಗೆಂದು ಇದೆಲ್ಲ ಮನಸ್ಸಿಗೆ ತಾಗುವುದೇ ಇಲ್ಲ ಎಂದಲ್ಲ. 2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನ್ ಓಟದ ಕೊನೆಯ ಗೆರೆಯ ಬಳಿ ಬಾಂಬುಗಳು ಸಿಡಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇರ್ವಿನ್ ಕ್ಯಾಂಪಸ್ಸಿನ ಸಂಶೋಧಕರು ನಂತರದ ವಾರಗಳಲ್ಲಿ ಸಾವಿರಾರು ಜನರನ್ನು ಮಾತಾಡಿಸಿದರು. ಸ್ಫೋಟದ ಸುದ್ದಿಯನ್ನು ದಿನಕ್ಕೆ ಆರು ಗಂಟೆಗೂ ಹೆಚ್ಚು ನೋಡುತ್ತಾ, ಕೇಳುತ್ತಾ ಕುಳಿತವರಲ್ಲಿ ಕಂಡ ಮಾನಸಿಕ ಆಘಾತದ ಲಕ್ಷಣಗಳು, ಸ್ಫೋಟದ ಜಾಗದಲ್ಲೇ ಇದ್ದವರಲ್ಲಿ ಕಂಡದ್ದಕ್ಕಿಂತ ಹೆಚ್ಚಾಗಿದ್ದವು. ಸುದ್ದಿ ಗಾಯ ಮಾಡುತ್ತದೆ, ಆದರೆ ಆ ಗಾಯದಿಂದ ನೊಂದವರಿಗೆ ಒಂದು ಲೋಟ ನೀರೂ ಸಿಗುವುದಿಲ್ಲ. ಪಾಲ್ ಸ್ಲೋವಿಕ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ಇನ್ನೊಂದನ್ನು ತೋರಿಸಿಕೊಟ್ಟರು. ಹಸಿದ ಒಂದು ಹುಡುಗಿಯ ಚಿತ್ರ ತೋರಿಸಿ ನೆರವು ಕೇಳಿದರೆ ಜನ ಕೈಬಿಚ್ಚಿ ಕೊಟ್ಟರು. ಲಕ್ಷಾಂತರ ಜನ ಹಸಿದಿದ್ದಾರೆ ಎಂಬ ಅಂಕಿಅಂಶ ಕೊಟ್ಟು ಕೇಳಿದರೆ ಕಡಿಮೆ ಕೊಟ್ಟರು. ಹುಡುಗಿಯ ಚಿತ್ರದ ಪಕ್ಕದಲ್ಲೇ ಅಂಕಿಅಂಶವನ್ನೂ ಇಟ್ಟಾಗ ಆ ಹುಡುಗಿಗೆ ಬರುವ ಹಣವೂ ಇಳಿಯಿತು.

ಹಿಂಸೆಯ ಸುದ್ದಿ ನಿಲ್ಲದ ಕಾಲದಲ್ಲಿ ಕ್ರೈಸ್ತ ನಂಬಿಕೆಯ ಜನ ಕರುಣೆಯನ್ನು ಹೇಗೆ ಉಳಿಸಿಕೊಂಡಿದ್ದಾರೆ, ಎಲ್ಲಿ ಕಳೆದುಕೊಂಡಿದ್ದಾರೆ ಎಂದು ನೋಡಹೊರಟರೆ ಮತ್ತೆ ಆ ಸಮಾರ್ಯದವನ ಬಳಿಗೇ ಹೋಗಬೇಕಾಗುತ್ತದೆ.

ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಬರುವ ಕಥೆ ಅದು. ‘ನೆರೆಯವನನ್ನು ಪ್ರೀತಿಸಬೇಕು ಸರಿ, ಆದರೆ ನೆರೆಯವನು ಯಾರು?’ ಎಂದು ಒಬ್ಬ ಧರ್ಮಶಾಸ್ತ್ರಿ ಕೇಳಿದ್ದಕ್ಕೆ ಯೇಸು ಹೇಳಿದ್ದು. ಜೆರೂಸಲೇಮಿನಿಂದ ಜೆರಿಕೋಗೆ ಇಳಿಯುವ ದಾರಿ. ಆ ದಾರಿ ನಿಜಕ್ಕೂ ಇಳಿಜಾರೇ. ಜೆರೂಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಜೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ. ನಡುವೆ ಬರಡು ಬೆಟ್ಟ, ಕಲ್ಲು ಕಣಿವೆ, ಕಳ್ಳರ ಭಯ. ದೋಚಲ್ಪಟ್ಟು ಅರೆಜೀವವಾಗಿ ಬಿದ್ದವನನ್ನು ಒಬ್ಬ ಪುರೋಹಿತ ನೋಡಿದ, ಆಚೆ ಬದಿಯಿಂದ ಹೋದ. ದೇವಾಲಯದ ಸೇವಕನೊಬ್ಬ ನೋಡಿದ, ಅವನೂ ಹೋದ. ಆಮೇಲೆ ಬಂದವನು ಯೆಹೂದ್ಯರು ಮುಖ ಕೊಟ್ಟು ಮಾತಾಡದಿದ್ದ ಸಮಾರ್ಯದ ಮನುಷ್ಯ. ಅವನೂ ನೋಡಿದ. ನೋಡಿದವರು ಮೂವರೂ ಹೌದು, ನಿಂತವನು ಒಬ್ಬನೇ.

ಆ ಗಳಿಗೆಯಲ್ಲಿ ಸಮಾರ್ಯದವನಿಗೆ ಆದದ್ದನ್ನು ಹೇಳಲು ಲೂಕ ಬಳಸುವ ಗ್ರೀಕ್ ಪದದ ಬೇರು ‘ಸ್ಪ್ಲಾಂಖ್ನ’. ಅದರ ಅರ್ಥ ಕರುಳು, ಒಡಲೊಳಗಿನ ಅಂಗಗಳು. ಹಲವು ಭಾಷೆಗಳಿಗೆ ಈ ಪದವನ್ನು ಅನುವಾದಿಸುವಾಗ ಒಡಲು ಬಿಟ್ಟುಹೋಗಿ ಬರಿಯ ಭಾವ ಉಳಿಯುತ್ತದೆ. ಕನ್ನಡ ಬೈಬಲ್ಲಿನಲ್ಲೂ ‘ಕನಿಕರ’ ಎಂದಿದೆ. ಅದು ಒಳ್ಳೆಯ ಮಾತೇ. ಆದರೆ ಮೂಲದ ಕಾವು ಕನ್ನಡದ ಆಡುಮಾತಿನಲ್ಲಿ ಹಾಗೇ ಇದೆ. ಕಂಡವರ ನೋವಿಗೆ ‘ಕರುಳು ಚುರುಕ್ ಎಂದಿತು’ ಎನ್ನುತ್ತೇವೆ, ತಾಯಿಯನ್ನು ‘ಹೆತ್ತ ಕರುಳು’ ಎನ್ನುತ್ತೇವೆ, ಮಗುವನ್ನು ‘ಕರುಳ ಕುಡಿ’ ಎನ್ನುತ್ತೇವೆ. ಹೀಬ್ರೂ ಭಾಷೆಯಲ್ಲಿ ದೇವರ ಕರುಣೆಯನ್ನು ಹೇಳುವ ಪದ ತಾಯಿಯ ಗರ್ಭವನ್ನು ಹೇಳುವ ಪದದ ನಂಟಿನದು. ಯೇಸು ಹೇಳಿದ ಆ ಕಥೆ ಕನ್ನಡದ ಹೆಂಗಸೊಬ್ಬಳ ಬಾಯಿಗೆ ಬಂದರೆ ಅನುವಾದವೇ ಬೇಕಾಗದು.

ಕರುಳು ಚುರುಕ್ ಎಂದ ಮೇಲೆ ಸಮಾರ್ಯದವನು ಮಾಡಿದ್ದನ್ನು ಕಥೆ ಲೆಕ್ಕದಂತೆ ಹೇಳುತ್ತದೆ. ಹತ್ತಿರ ಹೋದ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ. ತನ್ನ ಕತ್ತೆಯ ಮೇಲೆ ಕೂರಿಸಿದ. ಛತ್ರಕ್ಕೆ ಕರೆದೊಯ್ದು ರಾತ್ರಿ ಆರೈಕೆ ಮಾಡಿದ. ಮಾರನೆಯ ದಿನ ಎರಡು ದಿನಾರಿ, ಅಂದರೆ ಎರಡು ದಿನದ ಕೂಲಿ, ಕೊಟ್ಟು, ಹೆಚ್ಚಿಗೆ ಖರ್ಚಾದರೆ ಹಿಂತಿರುಗುವಾಗ ಕೊಡುತ್ತೇನೆ ಎಂದ. ಕಥೆಯ ಅತಿ ಮುಖ್ಯ ಮಾತು ಈ ‘ಹಿಂತಿರುಗುವಾಗ’ ಎಂಬುದೇ ಇರಬೇಕು. ಉಪದೇಶ ಮಾಡುವವರು ಅದನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ.

ಚರ್ಚಿನ ಚರಿತ್ರೆಯಲ್ಲಿ ಹೀಗೆ ನಿಂತವರು, ಹಿಂತಿರುಗಿದವರು ಉದ್ದಕ್ಕೂ ಕಾಣುತ್ತಾರೆ. ಮೂರನೆಯ ಶತಮಾನದ ಮಧ್ಯದಲ್ಲಿ ರೋಮನ್ ಸಾಮ್ರಾಜ್ಯವನ್ನು ಪಿಡುಗು ಹೊಕ್ಕಾಗ, ಅಲೆಕ್ಸಾಂಡ್ರಿಯಾದ ಬಿಷಪ್ ಡಯೊನೀಸಿಯಸ್ ತನ್ನ ಪತ್ರದಲ್ಲಿ ರೋಗಿಗಳ ಆರೈಕೆ ಮಾಡುತ್ತಲೇ ಸತ್ತ ಕ್ರೈಸ್ತರ ಬಗ್ಗೆ ಬರೆದಿದ್ದಾನೆ. ನಾಲ್ಕನೆಯ ಶತಮಾನದ ಚಕ್ರವರ್ತಿ ಜೂಲಿಯನ್ ಕ್ರೈಸ್ತರಿಗೆ ಮಿತ್ರನಾಗಿರಲಿಲ್ಲ, ಹಳೆಯ ದೇವತೆಗಳ ಪೂಜೆಯನ್ನು ಮರಳಿ ಸ್ಥಾಪಿಸಲು ಹೊರಟವನು. ಅವನೇ ತನ್ನ ಪುರೋಹಿತನೊಬ್ಬನಿಗೆ ಪತ್ರ ಬರೆದು, ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದದ್ದು ಹಾಗೆ) ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮಗೆ ನಾಚಿಕೆಗೇಡು ಎಂಬ ಅರ್ಥದಲ್ಲಿ ಗೊಣಗಿದ. ವಿರೋಧಿಯ ಗೊಣಗಾಟಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ.

ಇನ್ನೊಬ್ಬ ವ್ಯಾಪಾರದ ಕೆಲಸಕ್ಕೆ ಹೊರಟು ದಾರಿಯಲ್ಲಿ ನಿಂತವನು. 1859ರ ಜೂನ್ 24ರಂದು ಉತ್ತರ ಇಟಲಿಯ ಸೋಲ್ಫೆರಿನೋದಲ್ಲಿ ಫ್ರೆಂಚ್ ಮತ್ತು ಸಾರ್ಡೀನಿಯಾ ಸೈನ್ಯಗಳಿಗೂ ಆಸ್ಟ್ರಿಯಾದ ಸೈನ್ಯಕ್ಕೂ ಘೋರ ಯುದ್ಧ ನಡೆಯಿತು. ಜಿನೀವಾದ ಆ್ಯನ್ರಿ ಡ್ಯುನಾನ್ ಎಂಬ ಮೂವತ್ತೊಂದರ ಯುವಕ ಆ ಕಡೆ ಬಂದದ್ದು ಅಲ್ಜೀರಿಯಾದಲ್ಲಿದ್ದ ತನ್ನ ಉದ್ಯಮದ ವಿಷಯದಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್‌ನನ್ನು ಕಾಣಲು. ಚಿಕ್ಕಂದಿನಿಂದ ಚರ್ಚಿನ ಸೇವೆಯಲ್ಲಿ ಬೆಳೆದವನು, ಜಿನೀವಾದಲ್ಲಿ ವೈಎಂಸಿಎ ಕಟ್ಟಿದವರಲ್ಲಿ ಒಬ್ಬ. ಕಾಸ್ತಿಲಿಯೋನೆ ಎಂಬ ಊರಿನ ಚರ್ಚು, ಬೀದಿಗಳ ತುಂಬ ನರಳುತ್ತಿದ್ದ ಸಾವಿರಾರು ಸೈನಿಕರನ್ನು ಕಂಡು ಅವನು ಬಂದ ಕೆಲಸ ಬಿಟ್ಟು ನಿಂತ. ಊರಿನ ಹೆಂಗಸರನ್ನು ಕೂಡಿಸಿ, ಯಾವ ಪಕ್ಷದ ಸೈನಿಕನೆಂದು ಕೇಳದೆ ಎಲ್ಲರಿಗೂ ನೀರು, ಬಟ್ಟೆ, ಮುಲಾಮು ಒದಗಿಸಿದ. ಕಂಡದ್ದನ್ನು 1862ರಲ್ಲಿ ಪುಸ್ತಕವಾಗಿ ಬರೆದ. ಮರುವರ್ಷ ರೆಡ್ ಕ್ರಾಸ್ ಹುಟ್ಟಿತು, 1864ರಲ್ಲಿ ಮೊದಲ ಜಿನೀವಾ ಒಪ್ಪಂದವಾಯಿತು. 1901ರ ಮೊದಲ ನೊಬೆಲ್ ಶಾಂತಿ ಪುರಸ್ಕಾರವನ್ನು ಹಂಚಿಕೊಂಡ ಇಬ್ಬರಲ್ಲಿ ಇವನೊಬ್ಬ. ಅಷ್ಟರಲ್ಲಿ ಅವನ ವ್ಯಾಪಾರ ಎಂದೋ ಮುಳುಗಿ ಹೋಗಿತ್ತು.

ಗಾಯಗೊಂಡ ಅಪರಿಚಿತನನ್ನು ಎತ್ತುವುದು ಕಷ್ಟ. ಗಾಯ ಮಾಡಿದವನ ಕಡೆ ತಿರುಗುವುದು ಅದಕ್ಕಿಂತ ಎಷ್ಟೋ ಕಷ್ಟ. ಇಲ್ಲಿಂದ ಮುಂದಿನದು ಆ ಕಷ್ಟದ ಕಥೆಗಳು.

2006ರ ಅಕ್ಟೋಬರ್ 2, ಸೋಮವಾರ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ನಿಕಲ್ ಮೈನ್ಸ್ ಎಂಬಲ್ಲಿ ಅಮಿಶ್ ಮಕ್ಕಳ ಒಂದೇ ಕೋಣೆಯ ಶಾಲೆ. ಅಮಿಶರು ಯೂರೋಪಿನಿಂದ ವಲಸೆ ಬಂದ ಕ್ರೈಸ್ತರ ಒಂದು ಪಂಗಡ. ಕುದುರೆಗಾಡಿಯಲ್ಲಿ ಓಡಾಡುತ್ತಾರೆ, ಮನೆಯಲ್ಲಿ ಟಿವಿ, ರೇಡಿಯೋ ಇಟ್ಟುಕೊಳ್ಳುವುದಿಲ್ಲ, ಯುದ್ಧಕ್ಕೆ ಹೋಗುವುದಿಲ್ಲ. ಸುತ್ತಲ ಹಳ್ಳಿಗಳಿಂದ ಹಾಲು ಒಯ್ಯುವ ಟ್ಯಾಂಕರಿನ ಚಾಲಕ, 32 ವರ್ಷದ ಚಾರ್ಲ್ಸ್ ರಾಬರ್ಟ್ಸ್, ಬಂದೂಕು ಹಿಡಿದು ಶಾಲೆಗೆ ನುಗ್ಗಿದ. ಗಂಡುಮಕ್ಕಳನ್ನು ಹೊರಗೆ ಕಳಿಸಿ, ಹತ್ತು ಹುಡುಗಿಯರನ್ನು ಕಟ್ಟಿಹಾಕಿ ಗುಂಡು ಹೊಡೆದ. ಐವರು ಸತ್ತರು, ಐವರು ತೀವ್ರವಾಗಿ ಗಾಯಗೊಂಡರು. ಕೊನೆಗೆ ತನಗೂ ಹೊಡೆದುಕೊಂಡ. ಒಂಬತ್ತು ವರ್ಷಗಳ ಹಿಂದೆ ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಸತ್ತ ತನ್ನ ಮಗಳ ದುಃಖದಲ್ಲಿ ದೇವರ ಮೇಲೆ ಸಿಟ್ಟಾಗಿದ್ದೇನೆ ಎಂದು ಅವನು ಬರೆದಿಟ್ಟಿದ್ದ.

ಜಗತ್ತಿನ ಕ್ಯಾಮೆರಾಗಳು ಆ ಹಳ್ಳಿಗೆ ಮುತ್ತಿಗೆ ಹಾಕಿದವು. ಅದೇ ದಿನ ಅಮಿಶ್ ಮಂದಿ ಕೆಲವರು ಕೊಲೆಗಾರನ ಹೆಂಡತಿ ಮತ್ತು ತಂದೆತಾಯಿಯ ಬಳಿಗೆ ಹೋಗಿ, ನಿಮ್ಮ ಮೇಲೆ ನಮಗೆ ದ್ವೇಷವಿಲ್ಲ ಎಂದು ಹೇಳಿ ಬಂದರು. ಆ ವಾರದ ಕೊನೆಯಲ್ಲಿ ಅವನನ್ನು ಮಣ್ಣು ಮಾಡುವಾಗ ಬಂದ ಸುಮಾರು ಎಪ್ಪತ್ತೈದು ಜನರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಅಮಿಶರು. ಹಿಂದಿನ ದಿನಗಳಲ್ಲಷ್ಟೇ ತಮ್ಮ ಹೆಣ್ಣುಮಕ್ಕಳನ್ನು ಮಣ್ಣು ಮಾಡಿದ ತಂದೆತಾಯಂದಿರೂ ಅವರಲ್ಲಿದ್ದರು. ಸ್ಮಶಾನದಲ್ಲಿ ಅವರು ಪತ್ರಕರ್ತರ ಕ್ಯಾಮೆರಾಗಳಿಗೆ ಅಡ್ಡವಾಗಿ ನಿಂತು ಕೊಲೆಗಾರನ ಕುಟುಂಬಕ್ಕೆ ಗೋಡೆಯಾದರು ಎಂದು ಅವನ ತಾಯಿ ಟೆರಿ ರಾಬರ್ಟ್ಸ್ ಆಮೇಲೆ ನೆನೆದಿದ್ದಾರೆ. ಹಿಂಸೆಯ ಸುದ್ದಿ ಮತ್ತು ಕರುಣೆ ಎದುರುಬದುರಾಗಿ ನಿಂತ ಚಿತ್ರವೊಂದು ಬೇಕೆಂದರೆ ಅದು ಆ ಸ್ಮಶಾನದ್ದೇ.

ಇಷ್ಟು ಬೇಗ ಕ್ಷಮಿಸುವುದು ಸಹಜವೇ, ಇದು ಬರಿಯ ತೋರಿಕೆಯಲ್ಲವೇ ಎಂದು ಆಗ ಹಲವರು ಕೇಳಿದರು. ಅಮಿಶರ ಬದುಕನ್ನು ಹತ್ತಿರದಿಂದ ಬಲ್ಲ ವಿದ್ವಾಂಸರ ಉತ್ತರ ಗಮನಿಸಬೇಕಾದದ್ದು. ಯೇಸು ಶಿಷ್ಯರಿಗೆ ಕಲಿಸಿದ ಒಂದು ಪ್ರಾರ್ಥನೆ ಇದೆ. ಕನ್ನಡ ಕ್ರೈಸ್ತರಲ್ಲಿ ಕೆಲವರು ಅದನ್ನು ‘ಕರ್ತನ ಪ್ರಾರ್ಥನೆ’ ಎನ್ನುತ್ತಾರೆ, ಕೆಲವರು ‘ಪರಲೋಕ ಮಂತ್ರ’ ಎನ್ನುತ್ತಾರೆ. ನಾವು ಬೇರೆಯವರನ್ನು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಎಂಬ ಬೇಡಿಕೆ ಅದರಲ್ಲಿದೆ. ಅಮಿಶರ ಮಕ್ಕಳು ಅದನ್ನು ದಿನಕ್ಕೆ ಹಲವು ಬಾರಿ ಹೇಳುತ್ತಾ ಬೆಳೆಯುತ್ತಾರೆ. ಅವರ ಮನೆಗಳಲ್ಲಿ ಹೇಳುವ ಕಥೆಗಳೂ ಅಂಥವೇ. ಡಿರ್ಕ್ ವಿಲೆಮ್ಸ್ ಎಂಬವನು 1569ರಲ್ಲಿ ನೆದರ್‌ಲೆಂಡ್ಸಿನ ಆಸ್ಪೆರೆನ್‌ನಲ್ಲಿ ತನ್ನ ನಂಬಿಕೆಯ ಕಾರಣಕ್ಕೆ ಸೆರೆಯಾಗಿದ್ದ. ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡಿದ. ಬೆನ್ನಟ್ಟಿ ಬಂದ ಕಾವಲಿನವನು ಮಂಜುಗಡ್ಡೆ ಒಡೆದು ಒಳಗೆ ಬಿದ್ದ. ಡಿರ್ಕ್ ಹಿಂತಿರುಗಿ ಬಂದು ಅವನನ್ನು ಮೇಲಕ್ಕೆಳೆದ. ಹಾಗೆ ಸಿಕ್ಕಿಬಿದ್ದವನನ್ನು ಅದೇ ವರ್ಷದ ಮೇ 16ರಂದು ಸುಟ್ಟರು. ತಲೆಮಾರುಗಳಿಂದ ಈ ಕಥೆ ಕೇಳುತ್ತಾ ಬಂದ ಜನ ಅಕ್ಟೋಬರಿನ ಆ ಸಂಜೆ ಹೊಸದಾಗಿ ಏನನ್ನೂ ಯೋಚಿಸಬೇಕಾಗಿರಲಿಲ್ಲ. ಕಾಲು ತಾನಾಗಿ ಆ ಮನೆಯ ಕಡೆ ನಡೆಯಿತು.

ಆದರೆ ದುಃಖ ಅಷ್ಟಕ್ಕೇ ಮುಗಿಯಲಿಲ್ಲ. ಕ್ಷಮೆಯೆಂಬುದು ಒಮ್ಮೆ ಕೊಟ್ಟು ಮುಗಿಸುವಂಥದ್ದಲ್ಲ, ಪ್ರತಿ ದಿನ ಎದ್ದು ಮತ್ತೆ ಕೊಡಬೇಕಾದದ್ದು ಎಂಬುದು ಮಕ್ಕಳನ್ನು ಕಳೆದುಕೊಂಡವರು ನಂತರದ ವರ್ಷಗಳಲ್ಲಿ ಹೇಳುತ್ತಾ ಬಂದ ಮಾತು. ಶಾಲೆಯ ಕಟ್ಟಡವನ್ನು ಹತ್ತು ದಿನಗಳಲ್ಲಿ ಕೆಡವಿದರು. 2007ರ ಏಪ್ರಿಲ್ 2ರಂದು, ಸರಿಯಾಗಿ ಆರು ತಿಂಗಳಿಗೆ, ಸಮೀಪದಲ್ಲೇ ‘ನ್ಯೂ ಹೋಪ್’ ಎಂಬ ಹೊಸ ಶಾಲೆ ತೆರೆಯಿತು.

ಭಾರತದ ನೆಲದಲ್ಲಿ ನಡೆದದ್ದು ಇದಕ್ಕಿಂತ ಹಿಂದಿನದು. ಗ್ರಹಾಂ ಸ್ಟೇನ್ಸ್ ಆಸ್ಟ್ರೇಲಿಯಾದವರು. 1965ರಲ್ಲಿ ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಬಾರಿಪದಾಕ್ಕೆ ಬಂದು ಕುಷ್ಠರೋಗಿಗಳ ಆಶ್ರಮದಲ್ಲಿ ದುಡಿದರು. ಹೆಂಡತಿ ಗ್ಲಾಡಿಸ್ ನರ್ಸ್. ಮನೆಯವರೇ ಹೊರಗೆ ಹಾಕಿದ ರೋಗಿಗಳ ಹುಣ್ಣು ತೊಳೆಯುವುದು ಆ ಮನೆಯ ನಿತ್ಯದ ಕೆಲಸ. (ಈ ಪರಿಪಾಠ ಕನ್ನಡ ನಾಡಿಗೂ ಹೊಸದಲ್ಲ. ಮಂಗಳೂರಿಗೆ ಬಂದ ಜರ್ಮನ್ ಯೇಸುಸಭೆಯ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಹಂಚತೊಡಗಿ, 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯ ಬೇರು ಅಲ್ಲಿದೆ.) 1999ರ ಜನವರಿ 22ರ ರಾತ್ರಿ ಕೆಂದುಝರ್ ಜಿಲ್ಲೆಯ ಮನೋಹರ್‌ಪುರದಲ್ಲಿ ಸ್ಟೇನ್ಸ್ ತಮ್ಮ ಗಂಡುಮಕ್ಕಳ ಜೊತೆ ವಾಹನದಲ್ಲೇ ಮಲಗಿದ್ದರು. ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೋಥಿ. ಮತಾಂತರದ ಆರೋಪ ಹೊರಿಸಿ ಬಂದ ಗುಂಪೊಂದು ವಾಹನಕ್ಕೆ ಬೆಂಕಿ ಇಟ್ಟಿತು. ಮೂವರೂ ಸುಟ್ಟುಹೋದರು.

ಕೊಂದವರನ್ನು ಕ್ಷಮಿಸಿದ್ದೇನೆ ಎಂದು ಗ್ಲಾಡಿಸ್ ಹೇಳಿದರು. ದೇಶವೆಲ್ಲ ಆ ಮಾತನ್ನು ಕೇಳಿಸಿಕೊಂಡಿತು. ಮಾತಿಗಿಂತ ದೊಡ್ಡದು ಆಮೇಲಿನದು. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ಆಕೆ ಮಗಳು ಎಸ್ತರ್ ಜೊತೆ ಬಾರಿಪದಾದಲ್ಲೇ ಉಳಿದರು. ಒಂದಲ್ಲ, ಎರಡಲ್ಲ, ಐದು ವರ್ಷ. ಕುಷ್ಠಾಶ್ರಮ ನಡೆಸಿದರು, ಗಂಡನ ನೆನಪಿಗೆ ಆಸ್ಪತ್ರೆ ಕಟ್ಟಿಸಿದರು, 2004ರಲ್ಲಿ ಆಸ್ಟ್ರೇಲಿಯಾಕ್ಕೆ ಮರಳಿದರು. 2005ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಕ್ಷಮೆ ಎಂದರೆ ಕೇಸು ವಾಪಸು ಪಡೆಯುವುದಲ್ಲ. ತನ್ನ ಕ್ಷಮೆ ಬೇರೆ, ಅಪರಾಧಕ್ಕೆ ಕಾನೂನು ಕೊಡುವ ಶಿಕ್ಷೆ ಬೇರೆ ಎಂಬುದು ಗ್ಲಾಡಿಸ್ ಅವರ ನಿಲುವಾಗಿತ್ತು. ಮುಖ್ಯ ಅಪರಾಧಿ ದಾರಾ ಸಿಂಗ್‌ಗೆ 2003ರಲ್ಲಿ ಮರಣದಂಡನೆಯಾಯಿತು. 2005ರಲ್ಲಿ ಒಡಿಶಾ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿಯನ್ನೇ ಎತ್ತಿಹಿಡಿಯಿತು. ನ್ಯಾಯದ ಕೆಲಸ ನ್ಯಾಯ ಮಾಡಿತು. ಕ್ಷಮೆ ಮಾಡಿದ್ದು ಬೇರೆ ಕೆಲಸ: ನೊಂದ ಆ ಮನೆಯೊಳಗೆ ದ್ವೇಷ ಬಿಡಾರ ಹೂಡದಂತೆ ತಡೆದದ್ದು.

ಈ ಎರಡನ್ನೂ ಬೆರೆಸಿದರೆ ಅನಾಹುತವಾಗುತ್ತದೆ. ನೊಂದವರ ಮನೆಗೆ ಹೋಗಿ ‘ಕ್ಷಮಿಸಿಬಿಡಿ, ಅದೇ ಧರ್ಮ’ ಎಂದು ಒತ್ತಾಯಿಸುವುದು ಎರಡನೆಯ ಹಿಂಸೆ. 2015ರ ಜೂನ್ 17ರ ಸಂಜೆ ದಕ್ಷಿಣ ಕ್ಯಾರೊಲಿನಾದ ಚಾರ್ಲ್‌ಸ್ಟನ್‌ನಲ್ಲಿ, ಕಪ್ಪು ಜನರ ಹಳೆಯ ಇಮ್ಯಾನುಯೆಲ್ ಚರ್ಚಿನ ಬೈಬಲ್ ಅಧ್ಯಯನಕ್ಕೆ ಬಿಳಿಯ ಯುವಕನೊಬ್ಬ ಬಂದ. ಕೂರಲು ಜಾಗ ಕೊಟ್ಟರು. ಸುಮಾರು ಒಂದು ಗಂಟೆ ಜೊತೆಯಲ್ಲಿ ಕುಳಿತಿದ್ದವನು, ಎಲ್ಲರೂ ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಬಂದೂಕು ತೆಗೆದ. ಪಾಸ್ಟರ್ ಕ್ಲೆಮೆಂಟಾ ಪಿಂಕ್ನಿ ಸೇರಿ ಒಂಬತ್ತು ಮಂದಿ ಸತ್ತರು. ಎರಡು ದಿನಗಳ ನಂತರ ನ್ಯಾಯಾಲಯದಲ್ಲಿ, ಸತ್ತ ಎಥೆಲ್ ಲ್ಯಾನ್ಸ್ ಅವರ ಮಗಳು ನೇಡೀನ್ ಕಾಲಿಯರ್ ಕೊಲೆಗಾರನಿಗೆ ಕ್ಷಮಿಸಿದ್ದೇನೆ ಎಂದರು. ಜಗತ್ತು ಅದನ್ನು ಮತ್ತೆ ಮತ್ತೆ ತೋರಿಸಿತು. ಅದೇ ತಾಯಿಯ ಇನ್ನೊಬ್ಬ ಮಗಳು, ಆಸ್ಪತ್ರೆಯಲ್ಲಿ ರೋಗಿಗಳಿಗೆ ಸಾಂತ್ವನ ಹೇಳುವ ಪಾದ್ರಿಯಾಗಿ ದುಡಿದಿದ್ದ ಶರಾನ್ ರಿಷರ್, ಕ್ಷಮಿಸಲು ತಾನಿನ್ನೂ ಸಿದ್ಧಳಿಲ್ಲ ಎಂದರು. ಅವರಿಗೆ ವರ್ಷಗಳೇ ಬೇಕಾದವು. ಆ ವರ್ಷಗಳಲ್ಲಿ ಅವರು ಸುಮ್ಮನೆ ಕೂರಲಿಲ್ಲ, ಬಂದೂಕು ಮಾರಾಟದ ಕಾನೂನು ಬಿಗಿಯಾಗಬೇಕೆಂದು ಊರೂರು ಸುತ್ತಿದರು. ಒಂದೇ ಕರುಳಿನ ಇಬ್ಬರು ಹೆಣ್ಣುಮಕ್ಕಳು, ಒಂದೇ ನಂಬಿಕೆ, ಎರಡು ವೇಗ. ಯಾರ ನಂಬಿಕೆ ದೊಡ್ಡದು ಎಂದು ಅಳೆಯಲು ಹೊರಗಿನವರಿಗೆ ಹಕ್ಕಿಲ್ಲ.

ಇನ್ನೂ ಕಹಿಯಾದ ಸತ್ಯವೊಂದಿದೆ. ಅದನ್ನು ಹೇಳದೆ ಈ ಬರಹ ಪ್ರಾಮಾಣಿಕವಾಗದು. ರುವಾಂಡಾದ ಬಹುಪಾಲು ಜನ ಕ್ರೈಸ್ತರು. 1994ರ ಏಪ್ರಿಲ್‌ನಿಂದ ಸುಮಾರು ನೂರು ದಿನಗಳಲ್ಲಿ ಅಲ್ಲಿ ಲಕ್ಷಾಂತರ ಟುಟ್ಸಿ ಜನಾಂಗದವರನ್ನು ಹುಟು ಜನಾಂಗದ ನೆರೆಹೊರೆಯವರೇ ಕೊಂದರು. ದೇವರ ಮನೆಯಲ್ಲಿ ಕೊಲ್ಲಲಾರರೆಂದು ಚರ್ಚುಗಳಿಗೆ ಓಡಿ ಬಂದವರನ್ನು ನ್ಯಾಮಟಾದಲ್ಲಿ, ಎನ್‌ಟರಾಮಾದಲ್ಲಿ ಒಳಗೇ ಕೊಂದರು. ನ್ಯಾಂಗೆಯಲ್ಲಿ ಜನರು ಅಡಗಿದ್ದ ಚರ್ಚನ್ನು ಬುಲ್ಡೋಜರಿನಿಂದ ಅವರ ಮೇಲೆಯೇ ಕೆಡವಿದರು. ಆ ಚರ್ಚಿನ ಪಾದ್ರಿ ಅಥನಾಸ್ ಸೆರೊಂಬಾಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿ 2008ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. 2017ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ರುವಾಂಡಾದ ಅಧ್ಯಕ್ಷರನ್ನು ಭೇಟಿಯಾದಾಗ, ಚರ್ಚಿನ ಮತ್ತು ಅದರ ಜನರ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು. ಕೊಂದವರು ಬೈಬಲ್ ಓದಿದ್ದರು, ಪ್ರಾರ್ಥನೆ ಬಾಯಿಪಾಠವಿತ್ತು, ಭಾನುವಾರ ತಪ್ಪದೆ ಚರ್ಚಿಗೆ ಬರುತ್ತಿದ್ದರು. ಆದರೂ ಕತ್ತಿ ಎತ್ತಿದರು. ಪಕ್ಕದ ಮನೆಯವನನ್ನು ಮನುಷ್ಯನೆಂದು ನೋಡದಂತೆ ವರ್ಷಗಟ್ಟಲೆ ಕಲಿಸಿದ ರಾಜಕೀಯದ ಮುಂದೆ, ವಾರಕ್ಕೊಮ್ಮೆ ಕೇಳಿದ ಸಮಾರ್ಯದವನ ಕಥೆ ಸೋತಿತು.

ಅದೇ ನ್ಯಾಂಗೆಯಲ್ಲಿ 1997ರ ಮಾರ್ಚ್ 18ರ ರಾತ್ರಿ ಒಂದು ಶಾಲೆಗೆ ಬಂದೂಕುಧಾರಿಗಳು ನುಗ್ಗಿ, ಹುಟುಗಳು ಒಂದು ಕಡೆ, ಟುಟ್ಸಿಗಳು ಒಂದು ಕಡೆ ನಿಲ್ಲಿ ಎಂದರು. ಮಕ್ಕಳು ಬೇರೆಯಾಗಲಿಲ್ಲ, ನಾವೆಲ್ಲ ರುವಾಂಡಾದವರು ಎಂದರು. ಅದಕ್ಕಾಗಿ ಕೆಲವರು ಪ್ರಾಣ ತೆತ್ತರು. ಬುಲ್ಡೋಜರ್ ಓಡಿದ ಊರಿನಲ್ಲೇ ಮೂರು ವರ್ಷಕ್ಕೆ ಮಕ್ಕಳು ಕಾಲು ಕದಲಿಸದೆ ನಿಂತರು.

ಕೊನೆಯದಾಗಿ ಮಧ್ಯಪ್ರದೇಶ. ಕೇರಳದ ಪುಲ್ಲುವಳಿಯ ಸಿಸ್ಟರ್ ರಾಣಿ ಮರಿಯಾ ಇಂದೋರಿನ ಸಮೀಪದ ಉದಯನಗರದಲ್ಲಿ ಆದಿವಾಸಿ ರೈತರ ನಡುವೆ ಕೆಲಸ ಮಾಡುತ್ತಿದ್ದರು. ಸಾಲಕ್ಕೆ ಬಡ್ಡಿ ಕಟ್ಟುತ್ತಲೇ ಸವೆದವರಿಗೆ ಬ್ಯಾಂಕಿನ ದಾರಿ, ಸರ್ಕಾರಿ ಯೋಜನೆಯ ದಾರಿ ತೋರಿಸಿದರು. ಅದು ಕೆಲವು ಉಳ್ಳವರ ಹೊಟ್ಟೆಗೆ ಹೊಡೆಯಿತು. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಹೋಗುತ್ತಿದ್ದಾಗ, ಆ ಉಳ್ಳವರ ಕಡೆಯಿಂದ ಬಂದ ಸಮಂದರ್ ಸಿಂಗ್ ಚಾಕು ತೆಗೆದು ಚುಚ್ಚಿದ. ರಾಣಿ ಮರಿಯಾ ಅವರ ಮೈಮೇಲೆ ಐವತ್ತಕ್ಕೂ ಹೆಚ್ಚು ಗಾಯಗಳಿದ್ದವು. ವಯಸ್ಸು 41. ಬಸ್ಸಿನಲ್ಲಿ ಜನರಿದ್ದರು, ಯಾರೂ ತಡೆಯಲಿಲ್ಲ.

ರಾಣಿ ಮರಿಯಾ ಅವರ ತಂಗಿ ಸಿಸ್ಟರ್ ಸೆಲ್ಮಿ ಪೌಲ್ ಕೂಡ ಅದೇ ಸಭೆಯ ಸಂನ್ಯಾಸಿನಿ. 2002ರಲ್ಲಿ ರಕ್ಷಾಬಂಧನದ ಹೊತ್ತಿಗೆ ಅವರು ಜೈಲಿಗೆ ಹೋಗಿ, ಅಕ್ಕನನ್ನು ಕೊಂದ ಕೈಗೆ ರಾಖಿ ಕಟ್ಟಿದರು. ಹೆಂಡತಿ ಬಿಟ್ಟುಹೋಗಿ, ಮಗು ತೀರಿಕೊಂಡು, ಸೇಡಿನ ಯೋಚನೆಯಲ್ಲೇ ಬೇಯುತ್ತಿದ್ದವನಿಗೆ ಅಣ್ಣನ ಪಟ್ಟ ಸಿಕ್ಕಿತು. ಕುಟುಂಬದವರೇ ಒಪ್ಪಿಗೆ ಬರೆದುಕೊಟ್ಟ ಮೇಲೆ 2006ರಲ್ಲಿ ಅವನ ಬಿಡುಗಡೆಯಾಯಿತು. ಇದೇ ಕಥೆಯನ್ನು ಕ್ಯಾಥರೀನ್ ಮೆಕ್‌ಗಿಲ್ವ್ರೇ ಸಾಕ್ಷ್ಯಚಿತ್ರವಾಗಿ ತೆಗೆದರು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ಕ್ಯಾಥೋಲಿಕ್ ಸಭೆ ರಾಣಿ ಮರಿಯಾ ಅವರನ್ನು ‘ಧನ್ಯೆ’ ಎಂದು ಘೋಷಿಸಿತು.

ಬಿಡುಗಡೆಯಾದ ಮೇಲೆ ಸಮಂದರ್ ಕೇರಳಕ್ಕೆ ಹೋದ. ರಾಣಿ ಮರಿಯಾ ಅವರ ಹೆತ್ತ ತಾಯಿ ಏಲೀಶ್ವಾ ಅವನನ್ನು ಮನೆಯೊಳಗೆ ಕರೆದುಕೊಂಡರು. ಅವನ ಎರಡೂ ಕೈ ಹಿಡಿದು ಮುತ್ತಿಟ್ಟರು. ಆ ಕೈಗಳಿಗೆ ತನ್ನ ಮಗಳ ರಕ್ತ ಅಂಟಿದೆ ಎಂದರು.

ಇವರಲ್ಲಿ ಯಾರೂ ಜಗತ್ತಿನ ಎಲ್ಲ ಹಿಂಸೆಯ ಸುದ್ದಿಗೆ ಉತ್ತರ ಕೊಡಲು ಹೊರಟವರಲ್ಲ. ತಮ್ಮ ದಾರಿಗೆ ಅಡ್ಡ ಬಂದ ಒಬ್ಬ ಮನುಷ್ಯನ ಮುಂದೆ ನಿಂತರು, ಆಮೇಲೆ ಹಿಂತಿರುಗಿ ಮತ್ತೆ ಬಂದರು. ನಿಕಲ್ ಮೈನ್ಸ್‌ನಲ್ಲಿ ಬದುಕುಳಿದ ಐವರಲ್ಲಿ ಒಬ್ಬ ಹುಡುಗಿಗೆ ತಲೆಗೆ ಗುಂಡು ಬಿದ್ದಿತ್ತು. ಅವಳಿಗೆ ಮಾತಾಡಲು ಆಗುತ್ತಿರಲಿಲ್ಲ, ಗಾಲಿಕುರ್ಚಿಯಲ್ಲೇ ಬದುಕು ಸಾಗುತ್ತಿತ್ತು. ಗುಂಡು ಹೊಡೆದವನ ತಾಯಿ ಟೆರಿ ರಾಬರ್ಟ್ಸ್ ಆ ಅಮಿಶ್ ಮನೆಯವರನ್ನು ಕೇಳಿಕೊಂಡು, ವಾರಕ್ಕೊಂದು ಸಂಜೆ ಅಲ್ಲಿಗೆ ಹೋಗಿ ಅವಳಿಗೆ ಸ್ನಾನ ಮಾಡಿಸುತ್ತಿದ್ದರು, ಪುಸ್ತಕ ಓದಿ ಹೇಳುತ್ತಿದ್ದರು, ಹಾಡುತ್ತಿದ್ದರು. ಕ್ಯಾನ್ಸರ್ ಬಂದು ಮೈ ಸೋಲುವವರೆಗೂ ಹಲವು ವರ್ಷ ಇದು ನಡೆಯಿತು. 2017ರಲ್ಲಿ ಟೆರಿ ತೀರಿಕೊಂಡರು.